ಕಾವೇರಿ ಹನ್ನೊಂದೇ ಸಲ

"ಏನವ್ವ, ಈ ಕಂಪ್ಯೂಟ್ರು ಕಾವೇರಿ ಹನ್ನೊಂದೇ ಸಲ ಬಂದವ್ಳೆ ಅಂತದೆ. ನಾನು ಬರೆದಿರೋದೇ ಕಾವೇರಿ ಮೇಲೆ. ಹನ್ನೊಂದು ಸಲ ಮೊದಲ್ನೇ ಎರಡು ಪುಟದಲ್ಲೇ ಇರ್ಬೇಕಲ್ವಾ?"

ಅಪ್ಪ ಫೋನ್ ಮಾಡಿದಾಗ ನಾನು ಮೈಸೂರಿನ ಹೆಬ್ಬಾಳದಿಂದ ಆಫೀಸು ಮುಗಿಸಿ ಮನೆಗೆ ಹೊರಟಿದ್ದೆ. ಬಸ್ಸಿನ ಗಲಾಟೆಯಲ್ಲಿ ಅರ್ಧ ಕೇಳಿಸಲಿಲ್ಲ. "ಸರಿಯಾಗಿ ಟೈಪ್ ಮಾಡಿದ್ದೀರಾ ನೋಡಿ" ಅಂದುಬಿಟ್ಟೆ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ಮೇಷ್ಟ್ರಿಗೆ ಮಗಳು ಹೇಳುವ ಮಾತೇ ಅದು? ಅಪ್ಪ ಏನೂ ಅನ್ನಲಿಲ್ಲ. "ಬಾ, ನೀನೇ ನೋಡುವಂತೆ" ಅಂದು ಇಟ್ಟರು.

ನಮ್ಮೂರು ಪಾಂಡವಪುರದ ಹತ್ತಿರ, ವಿಸಿ ನಾಲೆಯ ಬಯಲಲ್ಲಿದೆ. ಅಪ್ಪ ರಿಟೈರ್ ಆದ ಮೇಲೆ ಊರಿನ ಕಥೆ ಬರೆಯುತ್ತಿದ್ದಾರೆ. ನಾಲೆಯಲ್ಲಿ ನೀರು ಬಂದದ್ದು, ಅದನ್ನು ಮೊದಲು ಇರ್ವಿನ್ ನಾಲೆ ಅನ್ನುತ್ತಿದ್ದದ್ದು, ನೀರಿನ ಚಳವಳಿ, ಆಲೆಮನೆ, ಮಾರಿಹಬ್ಬ, ಯಾರ ಮನೆಯ ಎತ್ತು ಯಾವ ವರ್ಷ ಸತ್ತಿತು ಅನ್ನುವುದೂ ಇದೆ. ಮುನ್ನೂರು ಪುಟ ಆಗಿದೆ. ಮೊದಲರ್ಧವನ್ನು ಪೇಟೆಯ ಡಿಟಿಪಿ ಅಂಗಡಿಯಲ್ಲಿ ಹಳೆಯ ಕಾಲದ ಫಾಂಟ್‌ನಲ್ಲಿ ಟೈಪ್ ಮಾಡಿಸಿದ್ದರು. ಅದನ್ನು ನಾನು ಆಮೇಲೆ ಯೂನಿಕೋಡ್‌ಗೆ, ಅಂದರೆ ಈಗ ಎಲ್ಲ ಯಂತ್ರಗಳೂ ಓದುವ ಅಕ್ಷರ ಸಂಕೇತಕ್ಕೆ, ಬದಲಾಯಿಸಿಕೊಟ್ಟೆ. ಉಳಿದರ್ಧ ಅವರೇ ಒಂದೊಂದು ಕೀ ಹುಡುಕಿ ಟೈಪ್ ಮಾಡಿದ್ದು. ಯಂತ್ರ ನನ್ನ ಹಳೆಯ ಲ್ಯಾಪ್‌ಟಾಪು, ನಾಲ್ಕು ಜಿಬಿ ರ‍್ಯಾಮು. ಅದರಲ್ಲಿ ಪ್ರಿಂಟರಿಗೆ ಅಂತ ವಿಂಡೋಸ್ ಇದೆ, ಬರೆಯುವುದಕ್ಕೆ ಅಂತ ಉಬುಂಟು ಅನ್ನುವ ಲಿನಕ್ಸ್ ಕಾರ್ಯವ್ಯವಸ್ಥೆ ಇದೆ.

ಆ ರಾತ್ರಿಯೇ ಅಪ್ಪನಿಂದ ಫೈಲು ತರಿಸಿಕೊಂಡು ನೋಡಿದೆ. ತಪ್ಪು ಅಪ್ಪನದಲ್ಲ. ಒಂದು ರೀತಿಯಲ್ಲಿ ನನ್ನದು.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಜಾಗಗಳಿವೆ. 'ವೇ' ಅನ್ನುವುದನ್ನು ಎರಡು ಥರ ಬರೆಯಬಹುದು. 'ವ'ಕ್ಕೆ ನೇರವಾಗಿ ಏತ್ವ ಸೇರಿಸುವುದು ಒಂದು. 'ವ'ಕ್ಕೆ ಎತ್ವ ಕೊಟ್ಟು, ಅದರ ಪಕ್ಕ ದೀರ್ಘದ ಗುರುತನ್ನು ಬೇರೆಯಾಗಿ ಇಡುವುದು ಇನ್ನೊಂದು. ನಾವು ಸ್ಲೇಟಿನ ಮೇಲೆ ಬರೆಯುವುದು ಎರಡನೆಯ ರೀತಿ, ಅಲ್ವಾ? ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಎರಡನ್ನೂ ಒಂದೇ ಅಂತ ಎಣಿಸಬೇಕು ಅಂತ ಯೂನಿಕೋಡ್ ನಿಯಮವೇ ಇದೆ. ಆದರೆ ಅಪ್ಪ ಬರೆಯಲು ಬಳಸುವ ತಂತ್ರಾಂಶ, ಅಂದರೆ ಎಡಿಟರ್, ಹಾಗೆ ಎಣಿಸುತ್ತಿರಲಿಲ್ಲ. ಹಳೆಯ ಫಾಂಟಿನಿಂದ ನಾನು ಬದಲಾಯಿಸಿದ ಅಷ್ಟೂ ಪುಟಗಳಲ್ಲಿ ದೀರ್ಘ ಬೇರೆಯಾಗಿ ಕೂತಿತ್ತು. ಅಪ್ಪ ಟೈಪ್ ಮಾಡಿ ಹುಡುಕಿದ್ದು ಸೇರಿದ ರೂಪ. ಹಾಗಾಗಿ ಮಂಡ್ಯದ ಮನುಷ್ಯ ಬರೆದ ಊರ ಕಥೆಯ ಮೊದಲರ್ಧದಲ್ಲಿ ಕಾವೇರಿಯೇ ಇಲ್ಲ ಅಂದಿತು ಯಂತ್ರ.

ಎಡಿಟರ್‌ನ ಹೆಸರು ಬೇಡ. ಯಾರೋ ಬಿಡುವಿನ ಹೊತ್ತಿನಲ್ಲಿ ಪುಕ್ಕಟೆ ಬರೆದುಕೊಟ್ಟದ್ದನ್ನು ಬಳಸಿಕೊಂಡು ದೂರು ಹೇಳುವುದು ನನಗೆ ಸರಿ ಕಾಣುವುದಿಲ್ಲ. ಫೈಲನ್ನೇ ಒಂದು ಸಲ ಸರಿಮಾಡಿದ್ದರೆ ಮುಗಿಯುತ್ತಿತ್ತು ಅಂತ ತಿಳಿದವರು ಹೇಳಬಹುದು. ನಿಜ. ಆದರೆ ಅಪ್ಪ ಹಳೆಯ ಡಿಟಿಪಿ ಪುಟಗಳಿಂದ ಇನ್ನೂ ಕಾಪಿ ಮಾಡಿ ಮಾಡಿ ಹಾಕುತ್ತಲೇ ಇರುತ್ತಾರೆ. ಇನ್ನೂ ಒಂದು ಕಾರಣ ಇತ್ತು. ಆ ಎಡಿಟರ್‌ನ ಸೋರ್ಸ್ ಕೋಡ್, ಅಂದರೆ ಮನುಷ್ಯರು ಬರೆದ ಮೂಲ ಸಾಲುಗಳನ್ನು, ತೆಗೆದು ನೋಡಿದರೆ ಇದೇ ದೋಷವನ್ನು ಯಾರೋ ಮೂರು ವಾರದ ಹಿಂದೆ ಸರಿಪಡಿಸಿದ್ದರು! ಏಳೆಂಟು ಸಾಲಿನ ತಿದ್ದುಪಡಿ. ಅದು ಅಪ್ಪನ ಯಂತ್ರಕ್ಕೆ ಬರುವುದು ಯಾವಾಗ? ಉಬುಂಟುವಿನ ಎಲ್‌ಟಿಎಸ್, ಅಂದರೆ ಬಹುಕಾಲ ನೋಡಿಕೊಳ್ಳುವ ಆವೃತ್ತಿ, ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುತ್ತದೆ. ಬಂದ ಮೇಲೆ ಅದರೊಳಗಿನ ತಂತ್ರಾಂಶಗಳನ್ನು ಹೆಚ್ಚಾಗಿ ಕದಲಿಸುವುದಿಲ್ಲ. ಭದ್ರತೆಯ ತೇಪೆ, ದೊಡ್ಡ ದೋಷಗಳ ರಿಪೇರಿ, ಅಷ್ಟೇ. ಮೇಷ್ಟ್ರಿಗೆ ಕಾವೇರಿ ಸಿಗದಿರುವುದು ಅವರ ಲೆಕ್ಕದಲ್ಲಿ ದೊಡ್ಡ ದೋಷವಲ್ಲ.

ಸರಿ, ನಾನೇ ಸೋರ್ಸ್‌ನಿಂದ ಬಿಲ್ಡ್ ಮಾಡಿಕೊಳ್ಳೋಣ ಅಂದುಕೊಂಡೆ. ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಹನ್ನೆರಡು ವರ್ಷದಿಂದ ಸಾಫ್ಟ್‌ವೇರ್‌ನಲ್ಲೇ ಅನ್ನ ತಿನ್ನುತ್ತಿದ್ದೇನೆ. ಆದರೆ ಕೋಡ್ ಬರೆದು ಕಳಿಸಿದ ಮೇಲೆ ಅದು ಪ್ರೋಗ್ರಾಂ ಆಗುವುದು ಹೇಗೆ ಅನ್ನುವುದನ್ನು ಕೈಯಾರೆ ಮಾಡಿದವಳಲ್ಲ. ಆಫೀಸಿನಲ್ಲಿ ಅದಕ್ಕೆ ಬೇರೆ ತಂಡ ಇದೆ. ನಾನು ಕಳಿಸುತ್ತೇನೆ, ಎಲ್ಲೋ ಒಂದು ಸರ್ವರ್ ಹಸಿರು ಟಿಕ್ ತೋರಿಸುತ್ತದೆ. ಕೆಂಪಾದರೆ ಆ ತಂಡದವರಿಗೆ ಮೆಸೇಜ್ ಹಾಕುತ್ತೇನೆ. ಅಕ್ಕಿ ಎಲ್ಲಿಂದ ಬರುತ್ತದೆ ಅಂದರೆ ಅಂಗಡಿಯಿಂದ ಅನ್ನುವ ಪೇಟೆ ಮಕ್ಕಳನ್ನು ನೋಡಿ ನಗುತ್ತಿದ್ದವಳು ನಾನು.

ಮೊದಲು ಮೈಸೂರಿನ ಮನೆಯಲ್ಲಿ, ನನ್ನ ಹೊಸ ಲ್ಯಾಪ್‌ಟಾಪಿನಲ್ಲಿ ಮಾಡಿದೆ. ಸಲೀಸಾಗಿ ಆಯಿತು. ಇಷ್ಟೇನಾ ಅನ್ನಿಸಿತು. ಆದ ಪ್ರೋಗ್ರಾಂ ಅನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಶನಿವಾರ ಬೆಳಿಗ್ಗೆ ಊರಿನ ಬಸ್ಸು ಹತ್ತಿದೆ. ಅಪ್ಪನ ಯಂತ್ರದಲ್ಲಿ ಓಡಿಸಿದರೆ ಒಂದೇ ಸಾಲು ಬಂತು. ಜಿಲಿಬ್‌ಸಿ ಹೊಸದು ಬೇಕು, ನಿಮ್ಮಲ್ಲಿ ಇಲ್ಲ.

ಲಿನಕ್ಸ್‌ನಲ್ಲಿ ಹೆಚ್ಚುಕಡಿಮೆ ಎಲ್ಲ ಪ್ರೋಗ್ರಾಂಗಳೂ ನಿಂತಿರುವುದು ಈ ಜಿಲಿಬ್‌ಸಿ ಅನ್ನುವ ಸಿ ಲೈಬ್ರರಿಯ ಮೇಲೆ. ಲೈಬ್ರರಿ ಅಂದರೆ ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್. ಹಳೆಯದರ ಮೇಲೆ ಕಟ್ಟಿದ ಪ್ರೋಗ್ರಾಂ ಹೊಸದರ ಮೇಲೆ ಓಡುತ್ತದೆ. ಹೊಸದರ ಮೇಲೆ ಕಟ್ಟಿದ್ದು ಹಳೆಯದರ ಮೇಲೆ ಓಡುತ್ತದೆ ಅಂತ ಭರವಸೆ ಇಲ್ಲ. ನನ್ನ ಯಂತ್ರ ಹೊಸ ಉಬುಂಟು, ಅಪ್ಪನದು ಎರಡು ತಲೆಮಾರು ಹಿಂದಿನದು. ಅಪ್ಪನ ಯಂತ್ರಕ್ಕೆ ಬೇಕಾದ್ದನ್ನು ಅಪ್ಪನ ಯಂತ್ರದಲ್ಲೇ ಕಟ್ಟಬೇಕು. ಅದನ್ನು ಅಪ್‌ಡೇಟ್ ಮಾಡೋಣ ಅಂದರೆ ಅಪ್ಪ ಬಿಡುವುದಿಲ್ಲ. ಹೋದ ಸಲ ಅಪ್‌ಡೇಟ್ ಮಾಡಿದಾಗ ಕೀಬೋರ್ಡ್ ಬದಲಾಗಿ ಒಂದು ವಾರ ಬರೆಯಲಾಗಲಿಲ್ಲ ಅನ್ನುವುದು ಅವರಿಗೆ ಇನ್ನೂ ನೆನಪಿದೆ.

ಜಗುಲಿಯಲ್ಲಿ ಚಾಪೆ ಹಾಕಿ ಕೂತೆ. ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿದೆ.

ಹೊಸ ಸೋರ್ಸ್ ಕೋಡ್ ಅಪ್ಪನ ಯಂತ್ರಕ್ಕೆ ಒಗ್ಗಲಿಲ್ಲ. ಅದಕ್ಕೆ ಹೊಸ ಕ್ಯೂಟಿ ಬೇಕಂತೆ. ಕಿಟಕಿ, ಮೆನು, ಗುಂಡಿಗಳನ್ನು ಬಿಡಿಸುವ ಲೈಬ್ರರಿ ಅದು. ಹೆಸರನ್ನು 'ಕ್ಯೂಟ್' ಅಂತ ಓದಬೇಕು ಅಂತ ಮಾಡಿದವರೇ ಹೇಳುತ್ತಾರೆ, ಆ ಹೊತ್ತಿನಲ್ಲಿ ನನಗೇನೂ ಹಾಗೆ ಕಾಣಲಿಲ್ಲ. ದಾರಿ ಒಂದಿತ್ತು. ಅಪ್ಪನ ಯಂತ್ರದಲ್ಲಿರುವ ಅದೇ ಹಳೆಯ ಆವೃತ್ತಿಯ ಸೋರ್ಸ್ ತೆಗೆದುಕೊಂಡು, ಆ ಏಳೆಂಟು ಸಾಲಿನ ತಿದ್ದುಪಡಿಯನ್ನು ಮಾತ್ರ ಅದಕ್ಕೆ ಸೇರಿಸುವುದು. ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಇದಕ್ಕೆ ಚೆರ್ರಿ ಪಿಕ್ ಅನ್ನುತ್ತಾರೆ. ಮಾವಿನ ತೋಪಿನವರು ಕೇಳಿದರೆ ಕಸಿ ಅನ್ನುತ್ತಾರೆ. ಹಳೆಯ ಬೇರು, ಹೊಸ ಕಡ್ಡಿ. ಕಸಿ ಹಿಡಿಯಿತು, ಒಂದು ಸಾಲೂ ಜಗಳವಾಡಲಿಲ್ಲ.

ಮುಂದಿನದು ಸಾಮಾನು ಜೋಡಿಸುವ ಕೆಲಸ. ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಸಿ++ ಕಂಪೈಲರ್, ಮೇಕ್, ಸಿಮೇಕ್. ಇವುಗಳಲ್ಲಿ ಸಿಮೇಕ್ ಬಗ್ಗೆ ನನಗೆ ತಪ್ಪು ಕಲ್ಪನೆ ಇತ್ತು. ಅದು ತಾನೇ ಏನನ್ನೂ ಕಟ್ಟುವುದಿಲ್ಲ. ನಿಮ್ಮ ಯಂತ್ರದಲ್ಲಿ ಯಾವ ಕಂಪೈಲರ್ ಇದೆ, ಯಾವ ಲೈಬ್ರರಿ ಎಲ್ಲಿದೆ ಅಂತ ಓಡಾಡಿ ನೋಡಿ, ಮೇಕ್‌ಗೆ ಚೀಟಿ ಬರೆದುಕೊಡುತ್ತದೆ. ಕಟ್ಟಿಸುವ ಕೆಲಸ ಮೇಕ್‌ನದು. ಅಮೆರಿಕದ ಕಿಟ್‌ವೇರ್ ಕಂಪನಿಯವರು ವೈದ್ಯಕೀಯ ಚಿತ್ರಗಳ ಒಂದು ದೊಡ್ಡ ಯೋಜನೆಗಾಗಿ 2000ದ ಆಸುಪಾಸಿನಲ್ಲಿ ಸಿಮೇಕ್ ಮಾಡಿದ್ದು. ಒಂದೇ ಕೋಡ್ ವಿಂಡೋಸ್‌ನಲ್ಲೂ ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್‌ನಲ್ಲೂ ಕಟ್ಟಬೇಕಿತ್ತು. ಎರಡೂ ಕಡೆಯ ಮೇಸ್ತ್ರಿಗಳಿಗೆ ಅವರವರ ಭಾಷೆಯಲ್ಲಿ ಚೀಟಿ ಬರೆಯಬಲ್ಲವನು ಬೇಕಿತ್ತು.

ಸಿಮೇಕ್ ಓಡಿಸಿದೆ. ಅದು ಸಿಗಲಿಲ್ಲ ಅಂತು. ಅದನ್ನು ಹಾಕಿದೆ. ಇದು ಸಿಗಲಿಲ್ಲ ಅಂತು. ಇದನ್ನೂ ಹಾಕಿದೆ. ಮೂರನೆಯ ಸಲ ನನಗೆ ತಲೆ ಕೆಟ್ಟಿತು. ಇದೇ ಎಡಿಟರ್ ಈ ಯಂತ್ರದಲ್ಲಿ ದಿನಾ ಓಡುತ್ತಿದೆ. ಓಡಲು ಬೇಕಾದ ಲೈಬ್ರರಿಗಳೆಲ್ಲ ಇದ್ದೇ ಇವೆ. ಮತ್ತೆ ಸಿಗಲಿಲ್ಲ ಅಂದರೆ ಏನರ್ಥ?

ನನಗೆ ಅರ್ಥವಾದದ್ದು ಲಗ್ನಪತ್ರಿಕೆಯ ಮೂಲಕ. ಎದುರಿಗೆ ಗೋಡೆಯ ಮೊಳೆಗೆ ಸಿಕ್ಕಿಸಿದ ನಾಲ್ಕೈದು ಪತ್ರಿಕೆಗಳು ನೇತಾಡುತ್ತಿದ್ದವು. ಲೈಬ್ರರಿ ಅಂದರೆ ಛತ್ರದಲ್ಲಿ ನಡೆಯುವ ಮದುವೆ, ಊಟ. ಹೆಡರ್ ಫೈಲು ಅಂದರೆ ಲಗ್ನಪತ್ರಿಕೆ. ಯಾರ ಮದುವೆ, ಎಲ್ಲಿ, ಎಷ್ಟು ಹೊತ್ತಿಗೆ ಅಂತ ಮಾತ್ರ ಅದರಲ್ಲಿರುತ್ತದೆ. ಹೊಟ್ಟೆ ತುಂಬುವುದಿಲ್ಲ. ಕಂಪೈಲರ್ ನಮ್ಮ ಕೋಡ್ ಓದುವಾಗ ಅದಕ್ಕೆ ಬೇಕಾದದ್ದು ಪತ್ರಿಕೆ ಅಷ್ಟೇ. ಈ ಹೆಸರಿನ ಕೆಲಸ ಒಂದಿದೆ, ಅದಕ್ಕೆ ಇಂತಿಂಥದ್ದು ಕೊಡಬೇಕು ಅಂತ ಗೊತ್ತಾದರೆ ಸಾಕು. ನಿಜವಾಗಿ ಛತ್ರಕ್ಕೆ ಹೋಗುವುದು ಕೊನೆಯಲ್ಲಿ, ಎಲ್ಲ ತುಂಡುಗಳನ್ನು ಜೋಡಿಸುವ ಲಿಂಕರ್. ಉಬುಂಟು, ಅದರ ಮೂಲವಾದ ಡೆಬಿಯನ್‌ನವರು ಜಾಗ ಉಳಿಸಲು ಇವೆರಡನ್ನೂ ಬೇರೆ ಬೇರೆ ಕಟ್ಟಿ ಇಡುತ್ತಾರೆ. ಸುಮ್ನೆ ಬಳಸುವವರಿಗೆ ಊಟ ಮಾತ್ರ. ಕಟ್ಟುವವರು ಪತ್ರಿಕೆಯನ್ನು ಬೇರೆಯಾಗಿ ತರಿಸಿಕೊಳ್ಳಬೇಕು. ಹೆಸರಿನ ಕೊನೆಗೆ 'ಡೆವ್' ಅಂತ ಇರುವ ಪ್ಯಾಕೇಜ್‌ಗಳು ಇವೇ. ಅಪ್ಪನ ಯಂತ್ರದಲ್ಲಿ ಎಲ್ಲ ಛತ್ರಗಳಲ್ಲೂ ಊಟ ನಡೆಯುತ್ತಿತ್ತು, ಪತ್ರಿಕೆ ಮಾತ್ರ ಒಂದೂ ಬಂದಿರಲಿಲ್ಲ.

ಇದರ ಉಲ್ಟಾನೂ ಆಗುತ್ತದೆ. ಕಂಪೈಲ್ ಎಲ್ಲ ಮುಗಿದು ಕೊನೆಯಲ್ಲಿ 'ಅನ್‌ಡಿಫೈನ್ಡ್ ರೆಫರೆನ್ಸ್' ಅಂತ ಬರುತ್ತದಲ್ಲ, ಅದು ಪತ್ರಿಕೆ ಹಿಡಿದು ಛತ್ರಕ್ಕೆ ಹೋದರೆ ಬಾಗಿಲಿಗೆ ಬೀಗ ಹಾಕಿರುವ ಕಥೆ. ಆಫೀಸಿನಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೆನೋ. ಹೆಡರ್, ಲೈಬ್ರರಿ ಎಂದು ತಲೆಯಾಡಿಸಿದ್ದೆ, ಅಷ್ಟೇ.

ಹದಿನಾಲ್ಕು ಡೆವ್ ಪ್ಯಾಕೇಜ್‌ಗಳನ್ನು ಒಂದೊಂದಾಗಿ ಹುಡುಕಿ ಹಾಕಿದ ಮೇಲೆ ಗೊತ್ತಾಯಿತು, ಅಷ್ಟನ್ನೂ ಒಂದೇ ಏಟಿಗೆ ತರಿಸುವ ಆದೇಶ ಇದೆ ಅಂತ. 'ಆಪ್ಟ್ ಬಿಲ್ಡ್-ಡೆಪ್' ಅಂತ ಕೊಟ್ಟು ಎಡಿಟರ್‌ನ ಹೆಸರು ಬರೆದರೆ, ಅದನ್ನು ಕಟ್ಟಲು ಉಬುಂಟುವಿನವರು ಏನೇನು ಬಳಸಿದ್ದರೋ ಎಲ್ಲ ಬರುತ್ತದೆ. ಸಾಫ್ಟ್‌ವೇರ್ ಮೂಲಗಳ ಪಟ್ಟಿಯಲ್ಲಿ ಸೋರ್ಸ್ ಸಾಲನ್ನು ಮೊದಲು ತೆರೆದಿರಬೇಕು. ಇದನ್ನು ಓದುವವರಾದರೂ ಅರ್ಧ ದಿನ ಉಳಿಸಿಕೊಳ್ಳಿ.

ಇನ್ನೊಂದು ಕಲಿತದ್ದು ಎರರ್ ಓದುವುದು. ನಾನು ಕೊನೆಯ ಸಾಲನ್ನೇ ನೋಡುತ್ತಿದ್ದೆ. ಅಲ್ಲಿ 'ಎರರ್ 2' ಅಂತ ಇರುತ್ತದೆ, ಅದರಿಂದ ಯಾರಿಗೂ ಏನೂ ಉಪಯೋಗವಿಲ್ಲ. ಮೇಲೆ ಮೇಲೆ ಹೋಗಿ ಮೊದಲ ಎರರ್ ಹುಡುಕಬೇಕು. ಉಳಿದದ್ದೆಲ್ಲ ಅದರ ಹಿಂದೆ ಬಿದ್ದ ಸೈಕಲ್‌ಗಳು.

ಮಧ್ಯಾಹ್ನ ಮೂರಕ್ಕೆ ಕೊನೆಗೂ ಸಿಮೇಕ್ ತೃಪ್ತಿಯಾಯಿತು. ಮೇಕ್ ಕೊಟ್ಟೆ. ಆಫೀಸಿನ ಯಂತ್ರದ ಅಭ್ಯಾಸ, ಒಟ್ಟೊಟ್ಟಿಗೆ ಕೆಲಸ ಮಾಡು ಅಂತ 'ಮೈನಸ್ ಜೆ' ಹಾಕಿದೆ. ಎಷ್ಟು ಕೆಲಸ ಅನ್ನುವ ಸಂಖ್ಯೆ ಹಾಕುವುದನ್ನು ಮರೆತೆ. ಸಂಖ್ಯೆ ಇಲ್ಲದಿದ್ದರೆ ಮೇಕ್‌ಗೆ ಮಿತಿಯೇ ಇಲ್ಲ. ಆಗ ಮಾಡಬಹುದಾದ ಅಷ್ಟೂ ಕೆಲಸಗಳನ್ನು ಒಟ್ಟಿಗೆ ಶುರುಮಾಡಿಬಿಡುತ್ತದೆ. ಸಿ++ನ ಒಂದೊಂದು ದೊಡ್ಡ ಫೈಲು ಕಂಪೈಲ್ ಆಗುವಾಗ ಒಂದು ಜಿಬಿ ನೆನಪು ನುಂಗುವುದೂ ಉಂಟು. ಇಲ್ಲಿ ಇರುವುದೇ ನಾಲ್ಕು. ಫ್ಯಾನು ಕೂಗಿತು, ಮೌಸ್ ನಿಂತಿತು, ಗಡಿಯಾರ ನಿಂತಿತು.

ಅಪ್ಪ ಒಳಗಿನಿಂದ ಬಂದರು. "ಅದ್ಯಾಕವ್ವ ಅಷ್ಟು ಉಸುರು ಬಿಡ್ತಾ ಅದೆ?"

"ಕೆಲಸ ಜಾಸ್ತಿ ಆಯ್ತು ಅಪ್ಪ."

"ಒಬ್ನೇ ಆಳಿಗೆ ಎಲ್ಲಾ ಗದ್ದೇನೂ ಒಂದೇ ದಿನ ಹೂಡು ಅಂದ್ರೆ ಇನ್ನೇನು."

ಹತ್ತು ನಿಮಿಷದ ಮೇಲೆ ಲಿನಕ್ಸ್ ತಾನೇ ಕೈಹಾಕಿತು. ನೆನಪು ಪೂರ್ತಿ ಖಾಲಿಯಾದಾಗ ಜಾಸ್ತಿ ತಿನ್ನುತ್ತಿರುವ ಪ್ರಕ್ರಿಯೆಯನ್ನು ಆರಿಸಿ ಕೊಲ್ಲುವ ವ್ಯವಸ್ಥೆ ಅದರ ತಿರುಳಾದ ಕರ್ನಲ್‌ನಲ್ಲೇ ಇದೆ. ತೆರೆಯ ಮೇಲೆ 'ಕಿಲ್ಡ್' ಅಂತ ಬಂತು, ಸತ್ತದ್ದು ಕಂಪೈಲರ್. ಆಮೇಲೆ ಒಂದೇ ಕೆಲಸ ಸಾಕು ಅಂತ ಮೇಕ್‌ಗೆ ಹೇಳಿ, ನೆನಪು ಸಾಲದಾಗ ಬಳಸಿಕೊಳ್ಳಲಿ ಅಂತ ಡಿಸ್ಕಿನಲ್ಲಿ ಸ್ವಲ್ಪ ಜಾಗವನ್ನು ಸ್ವಾಪ್‌ಗೆ ಬಿಟ್ಟುಕೊಟ್ಟೆ. ಶೇಕಡಾ ಒಂದು, ಎರಡು ಅಂತ ಸಾಲುಗಳು ಮೇಲೇರತೊಡಗಿದವು. ಇನ್ನು ಮಾಡಲು ನನಗೇನೂ ಇರಲಿಲ್ಲ.

ಅವ್ವ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಇದೆಲ್ಲ ಏನು ಅಂದಳು. ಮನುಷ್ಯರು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂ ಇದೆ, ಅದು ಕೆಲಸ ಮಾಡುತ್ತಿದೆ ಅಂದೆ. "ಆ ಪ್ರೋಗ್ರಾಂನೂ ಮನುಷ್ರೇ ಬರೆದಿರ್ಬೇಕಲ್ಲ. ಅದನ್ನ ಯಾರು ತಿರುಗಿಸಿದ್ರು?" ಅಂದಳು. ಏಳನೇ ಕ್ಲಾಸಿಗೆ ಬಿಟ್ಟವಳು!

ಹಿಂದಿನ ಕಂಪೈಲರ್ ತಿರುಗಿಸಿತು ಅನ್ನುವುದೇ ಉತ್ತರ. ಅದನ್ನು ಅದರ ಹಿಂದಿನದು. "ಓ, ಹೆಪ್ಪಿನ ಥರ" ಅಂದಳು ಅವ್ವ. ಇದಕ್ಕಿಂತ ಸರಿಯಾಗಿ ಹೇಳಿದವರನ್ನು ನಾನು ಕಂಡಿಲ್ಲ. ಮೊಸರಾಗಬೇಕಾದರೆ ಮೊಸರು ಬೇಕು. ಜಿಸಿಸಿ ಕಂಪೈಲರನ್ನು ಸೋರ್ಸ್‌ನಿಂದ ಕಟ್ಟುವಾಗ ಮೂರು ಸಲ ಹೆಪ್ಪು ಹಾಕುತ್ತಾರೆ. ಯಂತ್ರದಲ್ಲಿ ಮೊದಲೇ ಇರುವ ಕಂಪೈಲರ್‌ನಿಂದ ಒಂದನೆಯದು, ಒಂದನೆಯದರಿಂದ ಎರಡನೆಯದು, ಎರಡನೆಯದರಿಂದ ಮೂರನೆಯದು. ಎರಡನೆಯದೂ ಮೂರನೆಯದೂ ಒಂದೇ ಥರ ಬಂದಿವೆಯೇ ಅಂತ ಹೋಲಿಸಿ ನೋಡುತ್ತಾರೆ. ಬಂದಿದ್ದರೆ ಹಳೆಯ ಹೆಪ್ಪಿನ ರುಚಿ ಉಳಿದಿಲ್ಲ ಅಂತ ಸಮಾಧಾನ.

ಪೂರ್ತಿ ಸಮಾಧಾನವೂ ಅಲ್ಲ. ಯುನಿಕ್ಸ್ ಮಾಡಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ 1984ರಲ್ಲಿ ಅಚ್ಚಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ (ಕಂಪ್ಯೂಟರ್ ಲೋಕದ ದೊಡ್ಡ ಪ್ರಶಸ್ತಿ) ಭಾಷಣದಲ್ಲಿ ಇದನ್ನೇ ತೋರಿಸಿದ್ದಾರೆ. ಕಂಪೈಲರ್‌ಗೆ ಒಂದು ಸಲ ಕಳ್ಳತನ ಕಲಿಸಿದರೆ, ಮುಂದಿನ ಕಂಪೈಲರ್ ಕಟ್ಟುವಾಗ ಅದು ಆ ಕಳ್ಳತನವನ್ನೂ ದಾಟಿಸಬಲ್ಲದು. ಆಮೇಲೆ ಸೋರ್ಸ್ ಕೋಡ್‌ನಿಂದ ಆ ಸಾಲುಗಳನ್ನು ಅಳಿಸಿಹಾಕಿದರೂ ಹುಳಿ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತಲೇ ಇರುತ್ತದೆ. ಸೋರ್ಸ್ ಎಷ್ಟು ಓದಿದರೂ ಕಾಣುವುದಿಲ್ಲ.

ನಾನೇ ಕಟ್ಟಿದ್ದು, ಹಾಗಾಗಿ ನಂಬಬಹುದು ಅನ್ನುವ ಹುಮ್ಮಸ್ಸಿಗೆ 2024ರ ಮಾರ್ಚ್‌ನ ಎಕ್ಸ್‌ಝೆಡ್ ಪ್ರಕರಣವೂ ತಣ್ಣೀರು. ಫೈಲು ಕುಗ್ಗಿಸುವ ಆ ಪುಟ್ಟ ತಂತ್ರಾಂಶದಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದರು. ಅದನ್ನು ತೆರೆಯುವ ಕೀಲಿ ಇದ್ದದ್ದು ಬಿಲ್ಡ್ ಮಾಡುವ ಸ್ಕ್ರಿಪ್ಟ್‌ನಲ್ಲಿ. ಅದೂ ಎಲ್ಲರೂ ನೋಡುವ ಗಿಟ್ ಕಣಜದಲ್ಲಿ ಅಲ್ಲ, ಬಿಡುಗಡೆ ಅಂತ ಕಟ್ಟಿಟ್ಟ ಗಂಟಿನಲ್ಲಿ ಮಾತ್ರ. ಆಂಡ್ರೆಸ್ ಫ್ರಾಯ್ಂಡ್ ಅನ್ನುವ ಎಂಜಿನಿಯರ್‌ಗೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆಯಲ್ಲ ಅಂತ ಅನುಮಾನ ಬಂದು ಅದು ಹೊರಬಿತ್ತು. ಅರ್ಧ ಸೆಕೆಂಡ್! ನಮ್ಮ ಆಫೀಸಿನಲ್ಲಿ ಲಾಗಿನ್ ಅರ್ಧ ನಿಮಿಷ ತೆಗೆದುಕೊಂಡರೂ ನಾವು ಕಾಫಿಗೆ ಹೋಗುತ್ತೇವೆ.

ಶೇಕಡಾ ಎಂಬತ್ತಾದಾಗ ಕರೆಂಟ್ ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎರಡು ವರ್ಷವಾಗಿದೆ. ನಾನು ಹತಾಶಳಾಗಬೇಕಿತ್ತು, ಆಗಲಿಲ್ಲ. ಮೇಕ್‌ನ ದೊಡ್ಡತನ ಇರುವುದೇ ಇಲ್ಲಿ. ಮತ್ತೆ ಶುರುಮಾಡಿದರೆ ಆದದ್ದನ್ನು ಬಿಟ್ಟು ಆಗದ್ದನ್ನು ಮಾತ್ರ ಮಾಡುತ್ತದೆ. ಬೇಳೆ ಬೆಂದಿದ್ದರೆ ಒಗ್ಗರಣೆ ಹಾಕಿದರೆ ಸಾಕು, ಮತ್ತೆ ಬೇಳೆ ಇಡುವುದಿಲ್ಲ. ಬೆಂದಿದೆ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ? ಫೈಲಿನ ವೇಳೆ ನೋಡುತ್ತದೆ. ಸೋರ್ಸ್‌ಗಿಂತ ಅದರಿಂದ ಆದ ಫೈಲು ಹೊಸದಾಗಿದ್ದರೆ ಕೆಲಸ ಆಗಿದೆ. ಸೋರ್ಸ್ ಹೊಸದಾಗಿದ್ದರೆ ಮತ್ತೆ ಮಾಡಬೇಕು. ಇಡೀ ಬುದ್ಧಿವಂತಿಕೆ ಇಷ್ಟೇ.

ಇದನ್ನು ಮಾಡಿದವರು ಅಮೆರಿಕದ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್, 1976ರಲ್ಲಿ. ಅವರ ಸಹೋದ್ಯೋಗಿ ಸ್ಟೀವ್ ಜಾನ್ಸನ್ ಒಂದು ದಿನ ಸಿಟ್ಟಿನಿಂದ ಅವರ ಕೋಣೆಗೆ ಬಂದರಂತೆ. ಸರಿಯಾಗಿಯೇ ಇದ್ದ ಪ್ರೋಗ್ರಾಂನಲ್ಲಿ ತಪ್ಪು ಹುಡುಕುತ್ತಾ ಬೆಳಿಗ್ಗೆಯೆಲ್ಲ ಕಳೆದಿದ್ದರು. ದೋಷವನ್ನು ತಿದ್ದಿ ಆಗಿತ್ತು, ಆದರೆ ಆ ಫೈಲನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ. ಹಿಂದಿನ ಸಂಜೆಯಷ್ಟೇ ಫೆಲ್ಡ್‌ಮನ್‌ಗೂ ಇದೇ ಆಗಿತ್ತು. ಆ ವಾರಾಂತ್ಯ ಮೇಕ್ ಹುಟ್ಟಿತು. ಮೇಕ್‌ಗೆ ಕೊಡುವ ಚೀಟಿಯಾದ ಮೇಕ್‌ಫೈಲ್‌ನಲ್ಲಿ ಆದೇಶದ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು, ಖಾಲಿ ಜಾಗ ಬಿಟ್ಟರೆ ಆಗದು ಅನ್ನುವ ತಲೆನೋವಿನ ನಿಯಮಕ್ಕೂ ಅವರೇ ಹೊಣೆ. ಬದಲಾಯಿಸೋಣ ಅಂದುಕೊಳ್ಳುವಷ್ಟರಲ್ಲಿ ಹನ್ನೆರಡು ಜನ ಬಳಸುತ್ತಿದ್ದರು, ಅವರಿಗೆ ತೊಂದರೆ ಕೊಡಲು ಮನಸ್ಸಾಗಲಿಲ್ಲವಂತೆ. ಆ ಹನ್ನೆರಡು ಜನರ ಮುಲಾಜಿಗೆ ಲೋಕವೆಲ್ಲ ಇಂದಿಗೂ ಟ್ಯಾಬ್ ಒತ್ತುತ್ತಿದೆ. 2003ರಲ್ಲಿ ಕಂಪ್ಯೂಟರ್ ತಜ್ಞರ ಸಂಘವಾದ ಎಸಿಎಂ ಅವರಿಗೆ ಮೇಕ್‌ಗಾಗಿ ಪ್ರಶಸ್ತಿ ಕೊಟ್ಟಿತು.

ಭಾನುವಾರ ಬೆಳಿಗ್ಗೆ ಅಪ್ಪ ಏನೋ ಪ್ರಿಂಟ್ ತೆಗೆಯಬೇಕು ಅಂತ ವಿಂಡೋಸ್ ತೆರೆದರು. ಅದು ಮುಗಿದ ಮೇಲೆ ನಾನು ಉಬುಂಟುಗೆ ಬಂದು, ಉಳಿದ ಇಪ್ಪತ್ತು ಶೇಕಡಾ ಮುಗಿಸಿದೆ. ಇಂಟರ್ನೆಟ್ ಬೇಕಿರಲಿಲ್ಲ, ಹಾಟ್‌ಸ್ಪಾಟ್ ಹಾಕಲಿಲ್ಲ. ಎಡಿಟರ್ ತೆರೆದುಕೊಂಡಿತು! ಉಬುಂಟುವಿನ ಹಳೆಯದು ಯಾವುದು, ನಾನು ಕಟ್ಟಿದ್ದು ಯಾವುದು ಅಂತ ಅಪ್ಪನಿಗೆ ಗೊತ್ತಾಗಬೇಕಲ್ಲ, ಕಿಟಕಿಯ ತಲೆಯಲ್ಲಿ 'ಅಪ್ಪನ ಪ್ರತಿ' ಅಂತ ಬರಲಿ ಅನ್ನಿಸಿತು. ಊಟ ಮಾಡಿ, ಹಾಟ್‌ಸ್ಪಾಟ್ ಹಾಕಿ, ಆ ಸಾಲು ಎಲ್ಲಿದೆ ಅಂತ ಹುಡುಕಿ, ತಿದ್ದಿ, ಮೇಕ್ ಕೊಟ್ಟೆ. ತಕ್ಷಣ ಮುಗಿಯಿತು. ತೆರೆದರೆ ಹಳೆಯ ಹೆಸರೇ.

ಬೇರೆ ಕಡೆ ತಿದ್ದಬೇಕೇನೋ ಅಂತ ಕೋಡೆಲ್ಲ ಜಾಲಾಡಿದೆ. ಇನ್ನೂ ಮೂರು ಕಡೆ ತಿದ್ದಿದೆ. ಹಳೆಯ ಹೆಸರೇ. ಬೇರೆ ಎಲ್ಲಿಂದಲೋ ಹಳೆಯ ಪ್ರೋಗ್ರಾಂ ಓಡುತ್ತಿದೆಯಾ ಅಂತ ನೋಡಿದೆ. ಇಲ್ಲ. ಎರಡೂವರೆ ಗಂಟೆ ಹೋಯಿತು. ಆಮೇಲೆ ಸುಮ್ನೆ ಮೇಕ್ ಬರೆದ ಸಾಲುಗಳನ್ನು ಮೊದಲಿನಿಂದ ಓದಿದೆ. ಪ್ರತಿ ಸಲವೂ ಅದು ಪಾಪ ಹೇಳುತ್ತಲೇ ಇತ್ತು. ಈ ಫೈಲುಗಳ ವೇಳೆ ಮುಂದಿನ ಕಾಲದ್ದು. ಗಡಿಯಾರದಲ್ಲಿ ವ್ಯತ್ಯಾಸ ಕಾಣುತ್ತಿದೆ. ನಿಮ್ಮ ಬಿಲ್ಡ್ ಅಪೂರ್ಣವಾಗಿರಬಹುದು.

ಮುಂದಿನ ಕಾಲ ಅಂದರೆ ಎಷ್ಟು ಮುಂದೆ? ನೋಡಿದೆ. ಬೆಳಿಗ್ಗೆ ಅವನ್ನು ಕಟ್ಟಿದ ಹೊತ್ತಿಗಿಂತ ಐದೂವರೆ ಗಂಟೆ.

ಭಾರತದಲ್ಲಿ ಕಂಪ್ಯೂಟರ್ ಮುಟ್ಟಿದವರಿಗೆ ಐದೂವರೆ ಗಂಟೆ ಅಂದರೆ ಸಾಕು. ಯಂತ್ರದ ಒಳಗಿನ ಗಡಿಯಾರದಲ್ಲಿ ವಿಂಡೋಸ್ ನಮ್ಮೂರಿನ ವೇಳೆ ಬರೆದಿಡುತ್ತದೆ. ಲಿನಕ್ಸ್ ಸಾಮಾನ್ಯವಾಗಿ ಅಲ್ಲಿ ಜಾಗತಿಕ ವೇಳೆ ಇದೆ ಅಂದುಕೊಂಡು, ಅದಕ್ಕೆ ನಮ್ಮ ಐದೂವರೆ ಗಂಟೆ ಸೇರಿಸಿಕೊಳ್ಳುತ್ತದೆ. ಬೆಳಿಗ್ಗೆ ಅಪ್ಪ ವಿಂಡೋಸ್ ತೆರೆದಿದ್ದರು. ನಾನು ಹತ್ತು ಗಂಟೆಗೆ ಉಬುಂಟು ತೆರೆದಾಗ ಅದು ಮಧ್ಯಾಹ್ನ ಮೂರೂವರೆ ಅಂದುಕೊಂಡಿತ್ತು. ಆ ಹೊತ್ತಿನಲ್ಲಿ ಕಂಪೈಲ್ ಆದದ್ದಕ್ಕೆಲ್ಲ ಮೂರೂವರೆ, ನಾಲ್ಕರ ಮುದ್ರೆ ಬಿತ್ತು. ಊಟದ ಮೇಲೆ ಹಾಟ್‌ಸ್ಪಾಟ್ ಸಿಕ್ಕಿದ್ದೇ ಗಡಿಯಾರ ಸರಿಹೋಯಿತು. ನಾನು ತಿದ್ದಿದ್ದು ಒಂದು ಗಂಟೆಗೆ. ನಾಲ್ಕಕ್ಕೆ ಆದದ್ದರ ಮುಂದೆ ಒಂದು ಗಂಟೆಯದು ಹಳೆಯದು. ಮಾಡುವುದು ಏನೂ ಇಲ್ಲ ಅಂದಿತು ಮೇಕ್. ಜಾನ್ಸನ್‌ಗೆ ಒಂದು ಬೆಳಗು ಹೋಗಿತ್ತು, ನನಗೆ ಒಂದು ಮಧ್ಯಾಹ್ನ. ಅವರ ಕಾಲದಲ್ಲಿ ಮೇಕ್ ಇರಲಿಲ್ಲ ಅನ್ನುವ ನೆಪವಾದರೂ ಇತ್ತು.

ಬಿಲ್ಡ್ ಫೋಲ್ಡರ್ ಅಳಿಸಿ ಮೊದಲಿನಿಂದ ಕಟ್ಟಿದೆ. ಸೋರ್ಸ್ ಒಂದು ಕಡೆ, ಬಿಲ್ಡ್ ಒಂದು ಕಡೆ ಇಡಬೇಕು ಅಂತ ಹೇಳುವುದು ಇದಕ್ಕೇ ನೋಡಿ, ಒಂದನ್ನು ಎಸೆದರೆ ಇನ್ನೊಂದಕ್ಕೆ ಏನೂ ಆಗುವುದಿಲ್ಲ. ಒಳಗಡಿಯಾರದಲ್ಲಿ ನಮ್ಮೂರಿನ ವೇಳೆಯೇ ಇದೆ ಅಂತ ಉಬುಂಟುಗೂ ಒಂದು ಸಾಲಿನಲ್ಲಿ ತಿಳಿಸಿದೆ. ಮೂರು ಗಂಟೆ ಹಿಡಿಯಿತು. ಕರೆಂಟ್ ಹೋಗಲಿಲ್ಲ. ಯಂತ್ರದ ಮೂಲ ಫೋಲ್ಡರ್‌ಗಳಿಗೆ ಕೈಹಾಕದೆ, ಅಪ್ಪನ ಹೋಂ ಫೋಲ್ಡರ್‌ನಲ್ಲೇ ಒಂದು ಮೂಲೆಯಲ್ಲಿ ಇನ್‌ಸ್ಟಾಲ್ ಮಾಡಿದೆ. ಕೆಟ್ಟರೆ ಆ ಮೂಲೆ ಅಳಿಸಿದರಾಯಿತು, ಉಬುಂಟು ಕೊಟ್ಟ ಹಳೆಯದು ಹಾಗೇ ಇರುತ್ತದೆ. ಸೋಮವಾರ ರಜೆ ಹಾಕಿದ್ದೆ ಅನ್ನುವುದನ್ನು ಆಫೀಸಿನವರು ಓದದಿದ್ದರೆ ಒಳ್ಳೆಯದು.

ರಾತ್ರಿ ಊಟವಾದ ಮೇಲೆ ಅಪ್ಪ ಕನ್ನಡಕ ಒರೆಸಿಕೊಂಡು ಕೂತರು. 'ಅಪ್ಪನ ಪ್ರತಿ' ಅನ್ನುವುದನ್ನು ಓದಿ ನನ್ನ ಕಡೆ ಒಂದು ಸಲ ನೋಡಿದರು, ಏನೂ ಹೇಳಲಿಲ್ಲ. ಒಂದೊಂದೇ ಕೀ ಒತ್ತಿ ಕಾವೇರಿ ಅಂತ ಬರೆದರು.

214.

"ಇನ್ನೂರ ಹದ್ನಾಲ್ಕಾ?" ಅಪ್ಪನ ಮುಖ ಇಳಿಯಿತು. "ಇಷ್ಟೊಂದು ಸಲ ಕಾವೇರಿ ಕಾವೇರಿ ಅಂತ ಬರ್ದಿದೀನಾ? ಓದೋನಿಗೆ ಬೇಜಾರಾಗಲ್ವಾ?"

ಒಂದೊಂದಾಗಿ ತೆಗೆಯಲು ಶುರುಮಾಡಿದರು. ಸೋಮವಾರ ಸಂಜೆ ನಾನು ಬಸ್ಸು ಹತ್ತುವಾಗ 187ಕ್ಕೆ ಬಂದಿತ್ತು. ಗುರುವಾರ ಫೋನ್ ಮಾಡಿದರೆ 140.

"ಬರೀ ಹೊಳೆ ಅಂದ್ರೆ ಸಾಕು ಕಣವ್ವ" ಅಂದರು. "ನಮ್ ಕಡೆ ಹೊಳೆ ಅಂದ್ರೆ ಇನ್ಯಾವುದು?"